ಖಣದ ಹಾಗೆ ಮಾರಿದ ಪುಸ್ತಕ

ಕೊಳ್ಳಬೇಕು ಅನ್ನಿಸಿದ ಮಾಲನ್ನು ಮೊದಲು ನೋಡಬಾರದು. ಅದರ ಪಕ್ಕದ್ದನ್ನು ನೋಡಬೇಕು, ಬೆಲೆ ಕೇಳಬೇಕು, ಮುಖ ಸಿಂಡರಿಸಬೇಕು. ಹೊರಡುವ ಹೊತ್ತಿಗೆ ಆಗಷ್ಟೇ ಕಾಲಿಗೆ ತೊಡರಿತೇನೋ ಎಂಬಂತೆ ಬೇಕಾದದ್ದರ ಮಾತು ತೆಗೆಯಬೇಕು. ಸೀರೆಯ ಗಂಟು ಹೊತ್ತು, ಬಸ್ಸು ಹತ್ತಿ ಇಳಿದು ನಾನು ಕಲಿತ ವಿದ್ಯೆ ಇದು. ಜಮಖಂಡಿಯ ಒಂದು ಪ್ರೆಸ್ಸಿನಲ್ಲಿ ಆ ಪುಸ್ತಕ ನನಗೆ ದಕ್ಕಿದ್ದೂ ಹೀಗೆಯೇ.

ನಾನು ಹೋದದ್ದು ರದ್ದಿ ಕಾಗದಕ್ಕೆ. ಬನಹಟ್ಟಿಯ ನಮ್ಮ ಮನೆಯಲ್ಲಿ ಆಗ ಎರಡು ಪವರ್‌ಲೂಮು ಇದ್ದವು. ಮನೆಮಂದಿ ನೇಯ್ದ ಸೀರೆಗಳನ್ನು ವ್ಯಾಪಾರಿ ತನಗೆ ತೋಚಿದ ದರಕ್ಕೆ ಎತ್ತಿಕೊಂಡು ಹೋಗುವುದನ್ನು, ಮದುವೆಯಾಗಿ ಬಂದ ಹೊಸದರಲ್ಲಿ ಕೆಲವು ಕಾಲ ಸುಮ್ಮನೆ ನೋಡಿದೆ. ಆಮೇಲೆ ಒಂದು ಗಂಟು ಕಟ್ಟಿಕೊಂಡು ನಾನೇ ಹೊರಟೆ. ಮುಧೋಳ, ಬೀಳಗಿ, ಸಾವಳಗಿ, ಅವುಗಳ ಸುತ್ತಲಿನ ಹಳ್ಳಿಗಳು. ಯಾರದೋ ಮನೆಯ ಕಟ್ಟೆಯ ಮೇಲೆ ಕೂತು ಮಾರಿದ ಸೀರೆಯನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರೆ ಅದಕ್ಕೆ ಅಂಗಡಿಯ ಸೀರೆಯ ಮರ್ಯಾದೆ ಬರುತ್ತದೆ. ರದ್ದಿ ಬೇಕಾಗಿದ್ದು ಅದಕ್ಕೆ.

ಪ್ರೆಸ್ಸಿನ ಮೂಲೆಯಲ್ಲಿ, ಮಡಿಚಿಟ್ಟ ಕಾಗದದ ಕಟ್ಟುಗಳು ಸೊಂಟದೆತ್ತರಕ್ಕೆ ಬಿದ್ದಿದ್ದವು. ಮೇಲಿನ ಕಟ್ಟಿನಿಂದ ಬಣ್ಣದ ಹಡಗೊಂದು ಅರ್ಧ ಇಣುಕುತ್ತಿತ್ತು. ನಾನು ಆ ಕಡೆ ಬೆನ್ನು ಮಾಡಿ ನಿಂತೆ.

"ಈ ಬಿಳಿ ಕಾಗದ ಹೆಂಗ್ರೀ?" ಎಂದು ಯಜಮಾನರನ್ನು ಕೇಳಿದೆ.

"ಅದು ಕೊಡೂದಲ್ಲಕ್ಕಾ, ಕೆಲಸದ್ದು. ರದ್ದಿ ಬೇಕಂದ್ರ ಮೂಲ್ಯಾಗೈತಿ ನೋಡು."

"ಅದರಾಗ ಮಸಿ ಭಾಳ ಐತ್ರಿ. ನನ್ನ ಸೀರಿಗೆ ಹತ್ತಿದ್ರ?"

"ಮಸಿ ಒಣಗಿ ಯಾವ ಕಾಲ ಆತೊ. ಬೇಕಾರ ನಾಲಿಗಿ ಹಚ್ಚಿ ನೋಡು."

"ನೀವ ಹಚ್ರಿ. ಮಾಲು ನಿಮ್ಮದು."

ಅವರು ನಕ್ಕರು. ನಕ್ಕ ವ್ಯಾಪಾರಿ ಅರ್ಧ ಇಳಿದ ಹಾಗೆಯೇ. ಆಮೇಲೆ ಅವರಾಗಿಯೇ ಕಥೆ ಹೇಳಿದರು. ಯಾರೋ ಶಾಲೆಗಳಿಗೆಂದು ಮಕ್ಕಳ ಪುಸ್ತಕವೊಂದನ್ನು ಛಾಪಿಸಿ, ಒಯ್ಯಲು ಬರಲೇ ಇಲ್ಲವಂತೆ. ಬೈಂಡಿಂಗ್ ಆಗದೆ ಹಾಗೇ ಉಳಿಯಿತು. ಒಂದು ಮಳೆಗಾಲ ಮಾಳಿಗೆ ಸೋರಿ ಕೆಲವು ಕಟ್ಟು ಹಾಳಾದವು. ಉಳಿದದ್ದು ಈ ರಾಶಿ. ತೂಕದ ಲೆಕ್ಕದಲ್ಲಿ ನಾನು ರಾಶಿಯನ್ನೆಲ್ಲ ಎತ್ತಿದೆ. ಆಟೋದಲ್ಲಿ ಹೇರಿಕೊಂಡು ಬಸ್‌ಸ್ಟ್ಯಾಂಡಿಗೆ ಬರುವಾಗ ಮೊದಲ ಸಲ ಆ ಹಡಗನ್ನು ಪೂರ್ತಿ ಬಿಚ್ಚಿ ನೋಡಿದೆ. ರದ್ದಿಗೆ ಹಾಕುವ ಮಾಲಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಲೋಕದ ರೀತಿಯನ್ನೇ ಬದಲಿಸಿದ ಯಂತ್ರಗಳು, ಜನ ಶತಮಾನಗಳಿಂದ ನಿಂತು ನೋಡುತ್ತಿರುವ ಚಿತ್ರಗಳು, ಗುಡಿಗಳು, ಇವು ಹುಟ್ಟಿದ ಬಗೆಯನ್ನು ಆ ಪುಸ್ತಕ ಮಕ್ಕಳಿಗೆ ಹೇಳುತ್ತಿತ್ತು. ಆಗ ಜನ ಏನು ಉಣ್ಣುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು, ಯಾರಿಗೆ ಯಾವುದರ ಕೊರತೆ ಇತ್ತು, ಅದೇ ಹೊತ್ತಿಗೆ ನಮ್ಮ ಸೀಮೆಯಲ್ಲಿ ಏನು ನಡೆದಿತ್ತು ಎಂಬುದೂ ಇತ್ತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಅವತ್ತು ನಾನು ಓದಲಿಲ್ಲ, ಚಿತ್ರ ನೋಡಿದೆ. ಸೀರೆ ಮಾರುವವಳ ಕಣ್ಣು ಮೊದಲು ಹೋಗುವುದು ಸೆರಗಿಗೆ.

ಬೈಂಡಿಂಗ್ ಮಾಡಿಸಲು ಹೊರಟರೆ ಕೊಂಡದ್ದಕ್ಕಿಂತ ಖರ್ಚು ಹೆಚ್ಚು. ಹಳ್ಳಿಯಲ್ಲಿ ಅಷ್ಟು ದಪ್ಪ ಪುಸ್ತಕಕ್ಕೆ ಯಾರು ದುಡ್ಡು ಬಿಚ್ಚುತ್ತಾರೆ? ಆಗ ಹೊಳೆದದ್ದು ಖಣದ ಲೆಕ್ಕ. ಕುಪ್ಪಸದ ಬಟ್ಟೆಯ ಇಡೀ ತಾನನ್ನು, ಅಂದರೆ ಸುರುಳಿಯನ್ನು, ಯಾವ ಹೆಣ್ಣುಮಗಳೂ ಕೊಳ್ಳುವುದಿಲ್ಲ. ಒಂದು ಕುಪ್ಪಸಕ್ಕೆ ಆಗುವಷ್ಟು ಕತ್ತರಿಸಿ ಖಣ ಮಾಡಿಟ್ಟರೆ ಒಂದು ಬೆಳಗಿನಲ್ಲೇ ಇಡೀ ತಾನು ಖಾಲಿ. ಈ ಪುಸ್ತಕವೂ ಹದಿನಾರು ಪುಟದ ಮಡಿಕೆಗಳಾಗಿಯೇ ಬಿದ್ದಿತ್ತು. ಪ್ರೆಸ್ಸಿನವರು ಅಂಥ ಒಂದೊಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಪ್ರತಿ ಫಾರಮ್ಮಿನಲ್ಲೂ ಒಂದೆರಡು ಬಣ್ಣದ ಚಿತ್ರ. ಮಗ್ಗದಲ್ಲಿ ಉಳಿದ ನೂಲಿನಿಂದ ಒಂದೊಂದನ್ನೂ ಹೊಲಿದರೆ ಒಂದೊಂದು ಪುಸ್ತಕ!

ಹೊಲಿಯಲು ಕೂತ ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ.

"ಓದೂ ಪುಸ್ತಕ ಹಿಂಗ ಹರಿದು ಮಾರ್ತಾರೇನ ಬೇ?"

"ನಾ ಎಲ್ಲಿ ಹರದೆ ಅತ್ತಿ? ಮೊದಲ ಬಿಡಿ ಇತ್ತು."

"ಒಂದು ತಿರುವಿಯರ ನೋಡು, ಏನೈತಂತ."

"ಸೀರಿ ಉಟ್ಟು ನೋಡಿ ಮಾರ್ತೇನೇನು?"

ಉತ್ತರ ಚುರುಕಾಗಿತ್ತು. ಅತ್ತೆ ಹೇಳಿದ ಹಾಗೆ ತಿರುವಿ ನೋಡಿದ್ದರೆ ಮುಂದಿನ ಪೇಚಾಟ ತಪ್ಪುತ್ತಿತ್ತು, ಮುಂದಿನ ಗೆಲುವೂ ತಪ್ಪುತ್ತಿತ್ತು.

ಮುಧೋಳದ ಸಂತೆಯಲ್ಲಿ ಪುಸ್ತಕಗಳು ಹೂವಿನಂತೆ ಹೋದವು. ಸಂತೆಯ ಗಿರಾಕಿ ಯಾವ ಊರಿನವನೋ, ಕೊಂಡು ಹೋದರೆ ಹೋದ. ನನ್ನ ಕಿವಿಗೆ ದೂರು ಬರಲಿಲ್ಲ. ಆ ಧೈರ್ಯದಲ್ಲಿ ಬೀಳಗಿ ಕಡೆಯ ಹೊಸ ಊರಿಗೂ ಒಯ್ದೆ.

ಆಲಮಟ್ಟಿಯ ಹಿನ್ನೀರು ಏರಿದಾಗ ಕೃಷ್ಣೆಯ ದಂಡೆಯಿಂದ ಎದ್ದು ಬಂದ ಎರಡು ಹಳ್ಳಿಯವರನ್ನು ಸರಕಾರ ಪ್ಲಾಟು ಹಂಚಿ ಒಂದೇ ಕಡೆ ಕೂರಿಸಿದ ಊರು ಅದು. ಮೇಲಿನ ಓಣಿ ಒಂದು ಹಳ್ಳಿಯವರದು, ಕೆಳಗಿನ ಓಣಿ ಇನ್ನೊಂದರದು, ನಡುವೆ ಶಾಲೆಯ ಬಯಲು. ಹೊಸ ಊರಿಗೆ ತಮ್ಮ ಮುಳುಗಿದ ಊರಿನ ಹೆಸರೇ ಇರಬೇಕೆಂದು ಇಬ್ಬರದೂ ಹಟ. ಬಸ್ಸಿನ ಕಂಡಕ್ಟರು ಯಾವ ಹೆಸರು ಕೂಗಿದರೂ ಜಗಳ ಎಂದು, "ಪ್ಲಾಟ್ ಇಳಿಯವ್ರು ಬರ್ರಿ" ಎಂದಷ್ಟೇ ಕೂಗುತ್ತಿದ್ದ. ಒಂದು ಓಣಿಯವರು ಇನ್ನೊಂದು ಓಣಿಯ ಬಾಗಿಲು ತುಳಿಯುತ್ತಿರಲಿಲ್ಲ.

ನನ್ನ ವ್ಯಾಪಾರವೆಲ್ಲ ಮೇಲಿನ ಓಣಿಯಲ್ಲಿ. ಅಲ್ಲೊಬ್ಬರು ಹಿರಿಯ ಹೆಣ್ಣುಮಗಳಿದ್ದರು, ಎಲ್ಲರಿಗೂ ಆಯಿ. ಅವರ ಕಟ್ಟೆಯ ಮೇಲೆ ಗಂಟು ಬಿಚ್ಚಿದರೆ ಓಣಿಯೇ ಬಂದು ಸುತ್ತ ಕೂರುತ್ತಿತ್ತು. ಆಯಿ ಸೀರೆಯ ಅಂಚು ಹಿಡಿದು "ಛಲೋ ಐತಿ" ಅಂದರೆ ಮಾರಿದಂತೆಯೇ. ಆಯಿಯ ಕಟ್ಟೆಯವಳು ಎಂಬ ಕಾರಣಕ್ಕೇ ಕೆಳಗಿನ ಓಣಿಯವರು ನನ್ನ ಸೀರೆ ಮುಟ್ಟುತ್ತಿರಲಿಲ್ಲ. ಪುಸ್ತಕ ಒಯ್ದ ದಿನ ಆಯಿಯ ಮೊಮ್ಮಗ ಹಡಗಿನ ಚಿತ್ರವಿದ್ದದ್ದನ್ನು ಆರಿಸಿಕೊಂಡ. ಕೆಳಗಿನ ಓಣಿಯಲ್ಲಿ ಒಂದಾದರೂ ಬಾಗಿಲು ತೆರೆಯಲಿ ಎಂದು ನನ್ನಲ್ಲಿದ್ದ ಅತಿ ಚೆಂದದ ಚಿತ್ರವನ್ನು ಅಲ್ಲಿ ಬಿಚ್ಚಿದೆ. ನೀಲಿ ಸೆರಗು ಹೊದ್ದ ತಾಯಿಯ ಚಿತ್ರ. ಅಂಥದ್ದು ಒಂದೇ ಉಳಿದಿತ್ತು. ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ಒಬ್ಬರ ಮಗಳು ಅದನ್ನು ಎದೆಗೊತ್ತಿಕೊಂಡು ಒಳಗೆ ಓಡಿದಳು.

ಮುಂದಿನ ಸಲ ಹೋದಾಗ ನನ್ನ ಗಂಟು ಎಂದಿಗಿಂತ ಭಾರ. ಮೇಲಿನ ಓಣಿಯಲ್ಲಿ ಮದುವೆಗಳಿದ್ದವು, ಹೆಣ್ಣುಮಕ್ಕಳು ಹೇಳಿದ ಬಣ್ಣಕ್ಕೇ ನೇಯಿಸಿ ತಂದಿದ್ದೆ. ಆ ಸೀರೆಗಳು ಅಲ್ಲಿ ಹೋಗದಿದ್ದರೆ ಮತ್ತೆ ಹಳೆಯ ವ್ಯಾಪಾರಿಯ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಆಯಿಯ ಕಟ್ಟೆಯ ಮೇಲೆ ಮಂದಿ ಸೇರಿದ್ದು ಕಂಡು ಹಿಗ್ಗಿದೆ.

"ಬಾ ಬೇ, ಬಾ. ನಿನ್ನ ಹಾದಿನ ನೋಡಾಕತ್ತಿದ್ವಿ," ಅಂದರು ಆಯಿ. "ಹಡಗ ಎಲ್ಲಿಗೆ ಹೋತು?"

"ಯಾವ ಹಡಗ, ಆಯಿ?"

"ನೀ ಮಾರಿದ ಹಡಗ!"

ಮೊಮ್ಮಗ ಪುಸ್ತಕ ತಂದು ಕೊನೆಯ ಪುಟ ಓದಿದ. ಕಥೆ ಹೀಗಿತ್ತು. ಆಗಿನ ಕಾಲಕ್ಕೆ ನಡುಗಡಲಲ್ಲಿ ಹಡಗು ಪೂರ್ವಕ್ಕೆ, ಪಶ್ಚಿಮಕ್ಕೆ ಎಷ್ಟು ದೂರ ಬಂದಿದೆ ಎಂದು ಅಳೆಯುವ ನಂಬಿಗಸ್ತ ಉಪಾಯವಿರಲಿಲ್ಲ. ಹೊರಟ ಊರಿನಲ್ಲಿ ಈಗ ಎಷ್ಟು ಗಂಟೆ ಎಂದು ಗೊತ್ತಾದರೆ ಲೆಕ್ಕ ಹಾಕಬಹುದಿತ್ತು. ಆದರೆ ಅಲೆಯ ಹೊಯ್ದಾಟಕ್ಕೆ ಗಡಿಯಾರಗಳು ಕೆಡುತ್ತಿದ್ದವು. ಒಬ್ಬ ಬಡಗಿಯ ಮಗ ಬಾಳೆಲ್ಲ ತೇದು ಕೆಡದ ಗಡಿಯಾರವೊಂದನ್ನು ಮಾಡಿದ. ಪರೀಕ್ಷೆಗೆಂದು ಅವನ ಮಗ ಅದನ್ನು ಹಡಗಿನಲ್ಲಿ ಒಯ್ದ. ಕುಡಿಯುವುದಕ್ಕೆ ಇದ್ದದ್ದು ಮುಗಿಯುತ್ತ ಬಂತು. ಇದೇ ದಿಕ್ಕಿಗೆ ಹೋದರೆ ನಾಳೆ ದ್ವೀಪ ಸಿಗುತ್ತದೆ ಎಂದು ಮಗ ಹೇಳಿದ. ಕಪ್ತಾನನ ಲೆಕ್ಕವೇ ಬೇರೆ. ಪುಟದ ಕೊನೆಯ ಸಾಲು: "ಕಪ್ತಾನನು ಎಲ್ಲರನ್ನೂ ಕರೆದು, ಈ ಗಡಿಯಾರವನ್ನು ನಂಬಿದರೆ".

ಅಷ್ಟೇ. ಮುಂದೆ ನಮ್ಮ ಮಗ್ಗದ ನೂಲು.

ಆಗ ತಿಳಿಯಿತು. ಖಣವನ್ನು ಎಲ್ಲಿ ಕತ್ತರಿಸಿದರೂ ಖಣವೇ. ಪುಸ್ತಕ ಹಾಗಲ್ಲ. ಹದಿನಾರು ಪುಟಕ್ಕೆ ಮಡಿಕೆ ಮುಗಿದಿತ್ತು, ಕಥೆ ಮುಗಿದಿರಲಿಲ್ಲ.

ಓಣಿ ಎರಡು ಪಕ್ಷವಾಗಿತ್ತು. ಊರು ಮುಳುಗುವ ಮೊದಲು ಕೃಷ್ಣೆಯಲ್ಲಿ ನಾವೆ ನಡೆಸುತ್ತಿದ್ದ ಮುದುಕರೊಬ್ಬರು ಕಪ್ತಾನನ ಕಡೆ. "ನೀರಿನ ಮ್ಯಾಲ ಕುಂತಾಂವಗ ನೀರು ತಿಳೀತೈತಿ. ಗಡಿಯಾರ ಏನ್ ಈಸಾಡ್ತೈತೇನು?" ಎಂದು ಗುಡುಗುತ್ತಿದ್ದರು. ಹರೆಯದವರೆಲ್ಲ ಗಡಿಯಾರದ ಕಡೆ. ಇದೇ ಮಾತಿಗೆ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು.

"ನೋಡು," ಆಯಿ ನನ್ನ ಗಂಟಿನ ಮೇಲೆ ಕೈಯಿಟ್ಟರು. "ಈ ಹುಡುಗ ಉಣ್ಣಾಕ ಕುಂತ್ರೂ ಹಡಗ, ಮಲಗಿದ್ರೂ ಹಡಗ. ನೀ ಸೆರಗಿಲ್ಲದ ಸೀರಿ ಮಾರೀದಿ. ಉಳದದ್ದು ತಂದು ಕೊಡು. ಇಲ್ಲಂದ್ರ ಈ ಕಟ್ಟಿ ಮ್ಯಾಲ ಗಂಟು ಬಿಚ್ಚಬ್ಯಾಡ."

"ಆಯಿ, ಮದವಿ ಸೀರಿ ತಂದೇನಿ..."

"ಮದವಿ ಸೀರೀಗೂ ಸೆರಗು ಇರತೈತೋ ಇಲ್ಲೊ ಯಾರಿಗೆ ಗೊತ್ತು!"

ಎಲ್ಲರೂ ನಕ್ಕರು. ನಾನೂ ನಕ್ಕು, ಮೊಮ್ಮಗನ ಪುಸ್ತಕ ಕೈಗೆ ತೆಗೆದುಕೊಂಡೆ. ಫಾರಮ್ಮಿನ ಅಡಿಯಲ್ಲಿ ಸಣ್ಣದಾಗಿ ನಾಲ್ಕು ಎಂಬ ಅಂಕಿಯಿತ್ತು, ಬೇಕಾದದ್ದು ಐದು. ಸೀರೆಯ ಜೊತೆ ತಂದಿದ್ದ ಪುಸ್ತಕದ ಕಟ್ಟು ಬಿಚ್ಚಿ ಹುಡುಕಿದೆ. ನಾಲ್ಕನೆಯವು ಇದ್ದವು, ಆರನೆಯವು ಬೇಕಾದಷ್ಟಿದ್ದವು, ಐದನೆಯದು ಒಂದೂ ಇರಲಿಲ್ಲ. ಮಾಳಿಗೆ ಸೋರಿ ಹಾಳಾದ ಕಟ್ಟುಗಳಲ್ಲಿ ಅದೇ ಹೆಚ್ಚು ಇದ್ದಿರಬೇಕು. ಉಳಿದವು ಮುಧೋಳದ ಸಂತೆಯಲ್ಲಿ ಹೋಗಿದ್ದವು, ಕೊನೆಯದು ಇದೇ ಊರಿನ ಕೆಳಗಿನ ಓಣಿಯಲ್ಲಿತ್ತು. ಐದೆಂದರೆ ಆ ನೀಲಿ ಸೆರಗಿನ ತಾಯಿ.

ಬಯಲು ದಾಟಿ ಓಡಿದೆ. ಟ್ರ್ಯಾಕ್ಟರಿನವರು ಅಂಗಳದಲ್ಲಿ ಎಂಜಿನ್ನಿಗೆ ತಲೆ ಕೊಟ್ಟು ಕೂತಿದ್ದರು. ಆ ಗಾಬರಿಯಲ್ಲಿ ನನ್ನ ವಿದ್ಯೆಯನ್ನೇ ಮರೆತೆ. ಬೇಕಾದ ಮಾಲನ್ನೇ ಮೊದಲು ಕೇಳಿದೆ.

"ಅಣ್ಣಾರ, ಆ ಪುಸ್ತಕ ವಾಪಸ ತಗೋತೇನ್ರಿ. ಎರಡು ಪಟ್ಟು ಕೊಡ್ತೇನಿ."

ಅವರು ನಿಧಾನಕ್ಕೆ ತಲೆ ಎತ್ತಿದರು. "ಎರಡು ಪಟ್ಟಂದ್ರ ಅದರಾಗ ಏನೋ ಐತಿ. ಯಾರಿಗೆ ಬೇಕು?"

"ಮ್ಯಾಲಿನ ಓಣ್ಯಾಗ ಒಬ್ರಿಗೆ."

"ಹಂಗಾರ ಹತ್ತು ಪಟ್ಟು ಕೊಟ್ರೂ ಇಲ್ಲ. ಹೋಗಿ ಹೇಳು."

ಮಾತು ಮುಗಿಯಿತು ಅಂದುಕೊಂಡೆ. ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿ ಹಾಕಿದಳು.

"ಅಪ್ಪಾ, ನಮ್ಮದರ ಮೊದಲಿಂದು ಅವರ ಕಡೆ ಐತೇನೊ ಕೇಳು. ನಮ್ಮ ಪುಸ್ತಕದ ಮೊದಲ ಸಾಲು ಮುಗಿಯೂದ 'ಎಂದು ನಕ್ಕನು' ಅಂತ. ಯಾರು ನಕ್ರು, ಯಾಕ ನಕ್ರು, ಒಂದೂ ತಿಳಿಯಂಗಿಲ್ಲ."

"ಯಾರೋ ಹುಚ್ಚ ನಕ್ಕಿರಬೇಕು ಬಿಡ," ಎಂದರು ಅಪ್ಪ.

"ಮತ್ತ ಆ ಗಡಿಯಾರ? ನೀನ ಕೇಳ್ತಿದ್ದೆಲ್ಲ ನಿನ್ನಿ, ಹಡಗಿನ್ಯಾಗ ಗಡಿಯಾರ ಯಾಕ ಅಂತ?"

ಅಪ್ಪ ಸುಮ್ಮನಾದರು. ನಾನು ಅಲ್ಲೇ ಅಂಗಳದಲ್ಲಿ ಕೂತುಬಿಟ್ಟೆ. ಬಾಗಿಲಲ್ಲಿ ಗಿರಾಕಿ ಸುಮ್ಮನಾದ ಕ್ಷಣ ಎದ್ದು ಹೋಗಬಾರದು. ನೀರು ಕೇಳಿ ಕೂರಬೇಕು. ನೀರು ಕುಡಿಯುತ್ತ ಲೆಕ್ಕ ಹಾಕಿದೆ. ಮೇಲಿನವರಲ್ಲಿ ಮೊದಲಿದೆ, ಕೊನೆಯಿಲ್ಲ. ಕೆಳಗಿನವರಲ್ಲಿ ಕೊನೆಯಿದೆ, ಮೊದಲಿಲ್ಲ. ಇಬ್ಬರಿಗೂ ಇಬ್ಬರ ಮಾಲು ಬೇಕು, ದುಡ್ಡಿನಿಂದ ಆಗುವ ವ್ಯವಹಾರವಲ್ಲ ಇದು.

"ಪುಸ್ತಕ ಕೊಡೂದು ಬ್ಯಾಡ್ರಿ," ಅಂದೆ. "ಓದೂದು ಅಷ್ಟ. ಅವರು ಅವರದು ಓದ್ತಾರ, ನೀವು ನಿಮ್ಮದು. ಸಾಲಿ ಬಯಲಾಗ."

"ನಾವು ಅವರ ಮುಂದ ಹೋಗಿ ಓದಬೇಕೇನು?"

"ಮುಂದಲ್ರಿ, ಕಡೀಕ. ಕಥಿ ಮುಗಸೂದು ನಿಮ್ಮ ಮಗಳು. ಕಡೀ ಮಾತು ನಿಮ್ಮ ಓಣೀದು. ಅದಕ್ಕಿಂತ ದೊಡ್ಡದು ಏನೈತ್ರಿ?"

ಅವರು ಸ್ಪ್ಯಾನರ್ ಕೆಳಗಿಟ್ಟರು.

ಮೇಲಿನ ಓಣಿಗೆ ಹೋಗಿ ಆಯಿಗೆ ಹೇಳಿದೆ: "ಮೊದಲ ಮಾನ ನಿಮ್ಮದು. ನಿಮ್ಮ ಮೊಮ್ಮಗ ಶುರು ಮಾಡಲಿಲ್ಲಂದ್ರ ಅವರು ಬಾಯಿ ತೆರಿಯಾಕ ಆಗಂಗಿಲ್ಲ." ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲಿ ಹೋಗಿ ಏನಂದಿ?" ಎಂದು ಕೇಳಿದರು. ನಾನು ಸೀರೆಯ ಗಂಟು ಬಿಗಿಯಾಗಿದೆಯೇ ಎಂದು ನೋಡುವವಳಂತೆ ಬಗ್ಗಿದೆ. ಆಯಿ ನಕ್ಕು, ಸೆರಗು ಹೊದ್ದು ಎದ್ದರು. ಎರಡು ಕಡೆ ಎರಡು ಮಾತು ಹೇಳುವುದು ತಪ್ಪಲ್ಲ, ಎರಡೂ ಖರೆ ಇರಬೇಕು ಅಷ್ಟೇ. ಇದು ವ್ಯಾಪಾರಕ್ಕಿಳಿಯುವ ಹೆಣ್ಣುಮಕ್ಕಳಿಗೆ ನಾನು ಇಂದಿಗೂ ಹೇಳುವ ಮಾತು.

ಬಿಸಿಲು ಇಳಿಯುವ ಹೊತ್ತಿಗೆ ಬಯಲು ತುಂಬಿತು. ಮೇಲಿನವರು ಮೇಲಿನ ಮಗ್ಗಲು, ಕೆಳಗಿನವರು ಕೆಳಗಿನ ಮಗ್ಗಲು. ನಡುವೆ ಒಂದು ಎತ್ತಿನ ಗಾಡಿ ಹಾಯುವಷ್ಟು ಜಾಗ. ಆ ಜಾಗದಲ್ಲಿ ನಾನು ಮತ್ತು ನನ್ನ ಗಂಟು.

ಆಯಿಯ ಮೊಮ್ಮಗ ಶಾಲೆಯ ಮೆಟ್ಟಿಲು ಹತ್ತಿ ಓದಿದ. ದಿಕ್ಕು ತಪ್ಪಿ ಒಡೆದ ಹಡಗುಗಳು, ರಾಜ್ಯವೇ ಸಾರಿದ ಬಹುಮಾನ, ನಕ್ಷತ್ರ ನೋಡುವ ಪಂಡಿತರು, ಅವರ ನಡುವೆ ಬಡಗಿಯ ಮಗ. ಅದೇ ಕಾಲಕ್ಕೆ ನಮ್ಮ ಸೀಮೆಯಲ್ಲಿ ಮರಾಠರ ಕುದುರೆಗಳು ಓಡಾಡುತ್ತಿದ್ದವು ಎಂಬ ಸಾಲು ಬಂದಾಗ ಎರಡೂ ಕಡೆ ತಲೆಗಳು ಆಡಿದವು. "ಈ ಗಡಿಯಾರವನ್ನು ನಂಬಿದರೆ" ಎಂಬಲ್ಲಿಗೆ ಹುಡುಗ ನಿಂತ.

ಟ್ರ್ಯಾಕ್ಟರಿನವರ ಮಗಳು ಇನ್ನೊಂದು ಕಡೆಯಿಂದ ಮೆಟ್ಟಿಲು ಹತ್ತಿ, ಉಸಿರು ತಗೊಂಡು ಓದಿದಳು: "ನಾವೆಲ್ಲ ಬಾಯಾರಿ ಸಾಯುತ್ತೇವೆ ಎಂದು ನಕ್ಕನು."

"ಓಹೋ, ಕಪ್ತಾನ ನಕ್ಕಾನ!" ಎಂದು ಕೆಳಗಿನ ಓಣಿ ಒಟ್ಟಿಗೆ ಅಂದಿತು. ಅವರ ಒಗಟು ಒಡೆಯಿತು. ಈಗ ಮೇಲಿನವರ ಒಗಟಿನ ಸರದಿ, ಹುಡುಗಿ ಮುಂದೆ ಓದಿದಳು. ಕಪ್ತಾನ ಪಂಥ ಕಟ್ಟಿದ. ಗಡಿಯಾರ ಮಾಡಿದವನ ಮಗ ಅದನ್ನೇ ನೋಡುತ್ತ ಕೂತ. ರಾತ್ರಿ ಕಳೆಯಿತು. ಬೆಳಗಾಯಿತು. ಕಂಬದ ತುದಿಯಲ್ಲಿದ್ದವನು ಕೂಗಿದ, "ನೆಲ! ನೆಲ!"

ಬಯಲಿಗೆ ಬಯಲೇ ಎದ್ದಿತು. ರುಮಾಲುಗಳು ಹಾರಿದವು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬ ಇನ್ನೊಬ್ಬನ ಬೆನ್ನಿಗೆ ಗುದ್ದಿದ. ಎರಡೂ ಓಣಿಯ ಹುಡುಗರು ನಡುವಿನ ಜಾಗ ತುಂಬ ಕುಣಿದಾಡಿ ನನ್ನನ್ನು ಗಂಟಿನ ಸಮೇತ ಬದಿಗೆ ತಳ್ಳಿದರು.

ನಾವೆಯ ಮುದುಕರು ಮಾತ್ರ ಕೂತಲ್ಲಿಂದ ಏಳಲಿಲ್ಲ. "ಸಮುದ್ರದ ಮಾತು ಬ್ಯಾರೆ," ಅಂದರು. "ಕೃಷ್ಣಾದಾಗ ಬರ್ಲಿ, ನೋಡೂಣು ಅವನ ಗಡಿಯಾರ."

"ನೀ ಸೋತಿ ಬಿಡೊ ಕಾಕಾ!" ಎಂದು ಕೂಗು ಬಂದದ್ದು ಕೆಳಗಿನ ಓಣಿಯಿಂದ. ಮುದುಕರು ಉರಿದು ನೋಡಿದರು. ಕಾಕಾ ಎಂದು ಆ ಕಡೆಯಿಂದ ಯಾರೂ ಅವರನ್ನು ಕರೆದಿರಲಿಲ್ಲ. ಉರಿದ ಮುಖ ಹಾಗೆಯೇ ನಗುವಾಯಿತು.

ನಾನು ಗೆದ್ದೆ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಹುಡುಗಿ ಪುಟ ತಿರುವಿದಳು. ಅವಳ ಫಾರಮ್ಮಿನಲ್ಲಿ ಮುಂದಿನ ಕಥೆ ಶುರುವಾಗಿತ್ತು, ಅವಳಿಗೆ ಪ್ರೀತಿಯದು. ದೂರದೇಶದ ಚಿತ್ರಕಾರನೊಬ್ಬ ಚರ್ಚಿಗಾಗಿ ದೇವರ ತಾಯಿಯ ಚಿತ್ರ ಬರೆಯುತ್ತಿದ್ದ. ಅವಳ ಸೆರಗಿನ ನೀಲಿಯನ್ನು ಒಂದು ಕಲ್ಲನ್ನು ಅರೆದು ತೆಗೆಯಬೇಕಿತ್ತು. ಆ ಕಲ್ಲು ಸಿಗುತ್ತಿದ್ದದ್ದು ಅಫಘಾನಿಸ್ತಾನದ ಬೆಟ್ಟಗಳಲ್ಲಿ. ಒಂಟೆಯ ಮೇಲೆ, ಹಡಗಿನ ಮೇಲೆ ಬರುವಷ್ಟರಲ್ಲಿ ಅದರ ಬೆಲೆ ಬಂಗಾರವನ್ನು ಮೀರುತ್ತಿತ್ತು. ಒಳ್ಳೆಯ ನೀಲಿಯನ್ನೇ ಬಳಸಬೇಕೆಂದು ಚಿತ್ರ ಬರೆಸುವವರು ಕರಾರು ಮಾಡಿಸಿಕೊಳ್ಳುತ್ತಿದ್ದರಂತೆ. ಇಷ್ಟು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಆ ಕಾಲದಲ್ಲೂ ಬಣ್ಣದ ವಿಷಯದಲ್ಲಿ ಗಿರಾಕಿ ಯಾರನ್ನೂ ನಂಬುತ್ತಿರಲಿಲ್ಲ!

ಹೆಂಗಸರು ಹತ್ತಿರ ಸರಿದರು. ಸೆರಗಿನ ಜಾಗ ಖಾಲಿ ಬಿಟ್ಟು ಚಿತ್ರಕಾರ ಕಾದ. ಹಬ್ಬ ಹತ್ತಿರ ಬಂತು. ಕೊನೆಗೂ ಬಂದರಿಗೆ ಹಡಗು ಬಂತು, ಪೆಟ್ಟಿಗೆ ಇಳಿಯಿತು, ಮುಚ್ಚಳ ತೆಗೆದು ನೋಡಿದರೆ ಒಳಗೆ...

ಹುಡುಗಿ ತಲೆ ಎತ್ತಿದಳು.

"ಒಳಗ ಏನಿತ್ತು? ಓದ ಬೇ!" ಎಂದರು ಆಯಿ.

"ಇಲ್ಲಾಯಿ, ಪುಸ್ತಕ ತೀರೇತಿ."

ಎರಡೂ ಓಣಿ ಒಟ್ಟಿಗೆ ನನ್ನ ಕಡೆ ತಿರುಗಿತು. ಅಷ್ಟು ಕಣ್ಣುಗಳು ಒಮ್ಮೆಗೇ ನನ್ನನ್ನು ನೋಡಿದ್ದು ಅದೇ ಮೊದಲು. ನಾನು ಅವಸರ ಮಾಡಲಿಲ್ಲ. ನೆಲದ ಮೇಲೆ ಕೂತೆ, ಪುಸ್ತಕದ ಕಟ್ಟಿನ ಗಂಟು ಸಡಿಲಿಸಿದೆ, ಆರನೆಯ ಫಾರಮ್ಮುಗಳನ್ನು ಎತ್ತಿ ಎಲ್ಲರಿಗೂ ಕಾಣುವಂತೆ ತೊಡೆಯ ಮೇಲೆ ಇಟ್ಟುಕೊಂಡೆ.

"ಎಷ್ಟು?" ಆಯಿ ಕೇಳಿದರು.

ನಾನು ಹೇಳಿದೆ.

"ಹೋದ ಸಲಕ್ಕಿಂತ ಹೆಚ್ಚು ಹೇಳಾಕತ್ತಾಳ ನೋಡ್ರಿ!" ಎಂದಳು ಟ್ರ್ಯಾಕ್ಟರಿನವರ ಹೆಂಡತಿ, ಆಯಿಯ ಕಡೆ ತಿರುಗಿ.

"ಇಕಿ ಹಂಗ ಯವ್ವಾ. ಬಾ, ಇಲ್ಲಿ ಕುಂದ್ರು. ಇಬ್ರೂ ಕೂಡಿ ಜಗ್ಗೂಣು."

ಆಯಿಯ ಒಂದು ಮಾತಿಗೆ ಆಕೆ ನಡುವಿನ ಜಾಗ ದಾಟಿ ಬಂದಳು. ಇಬ್ಬರೂ ಸೇರಿ ನನ್ನನ್ನು ಅರೆದರು. ನನ್ನ ವ್ಯಾಪಾರದ ಬದುಕಿನಲ್ಲಿ ಅಷ್ಟು ಸಂತೋಷದಿಂದ ನಾನು ಎಂದೂ ಬೆಲೆ ಇಳಿಸಿಲ್ಲ. ಎರಡು ಓಣಿಗೂ ಒಂದೊಂದು ಅಂದಾಗ ಹುಡುಗರು ಒಪ್ಪಲಿಲ್ಲ, ಮನೆಗೊಂದು ಎಂದರು. ಆರು ಮುಗಿದು, ಏಳು ಎಂಟರ ವಿಚಾರಣೆಯೂ ಶುರುವಾಯಿತು.

"ಅಕ್ಕಾ, ಸೀರಿ ಗಂಟು ನಾಳಿ ನಮ್ಮ ಓಣಿಗೂ ತಾ," ಎಂದು ಟ್ರ್ಯಾಕ್ಟರಿನವರ ಹೆಂಡತಿ ಮೆಲ್ಲಗೆ ಹೇಳಿದಳು. ಅದು ಆಯಿಯ ಕಿವಿಗೆ ಬಿತ್ತು.

"ಆ ಓಣಿ ಈ ಓಣಿ ಯಾಕ ಅಡ್ಡಾಡ್ತಾಳ ಆಕಿ? ಇಲ್ಲೇ ಬಿಚ್ಚಲಿ," ಎಂದರು ಆಯಿ.

ಶಾಲೆಯ ಮೆಟ್ಟಿಲ ಮೇಲೆ ಎರಡು ಮಕ್ಕಳೂ ಒಂದೇ ಪುಸ್ತಕ ಹಿಡಿದು ಮುಂದಿನದನ್ನು ಓದಿದರು. ಪೆಟ್ಟಿಗೆಯ ಒಳಗೆ ನೀಲಿ ಕಲ್ಲು ಇತ್ತು. ಚಿತ್ರಕಾರ ಅದನ್ನು ಅರೆದ, ತೊಳೆದ, ಸೋಸಿದ, ಹಬ್ಬದ ಹಿಂದಿನ ದಿನ ತಾಯಿಯ ಹೆಗಲ ಮೇಲೆ ಆ ನೀಲಿಯನ್ನು ಹೊದೆಸಿದ. ನಾನು ಅಷ್ಟು ಹೊತ್ತಿಗೆ ಸೀರೆಯ ಗಂಟು ಬಿಚ್ಚಿದ್ದೆ. ಕೈಗಳು ಎರಡೂ ಕಡೆಯಿಂದ ಬಂದವು, ಹೇಳಿ ನೇಯಿಸಿದ ಕೆಂಪು ಹಸಿರು ಮದುವೆ ಮನೆಯವರಿಗೆಂದು ಬದಿಗೆ ಸರಿದವು. ಅವತ್ತು ನಾನು ಒಯ್ದಿದ್ದ ನೀಲಿ ಸೀರೆಗಳಲ್ಲಿ ಒಂದೂ ಬನಹಟ್ಟಿಗೆ ಮರಳಲಿಲ್ಲ.